ಹೆಣ್ಣಿಗೂ ಮೀಸೆ ಬರುತ್ತೆ: ಬ್ರಿಸಲ್‌ನೋಸ್ ಜೋಡಿ ಕಟ್ಟಿದ ನನ್ನ ಅನುಭವ

ಮೂರು ವರ್ಷದ ಹಿಂದೆ ಶಿವಾಜಿನಗರದಿಂದ ನಾಲ್ಕು ಬ್ರಿಸಲ್‌ನೋಸ್ ಅನ್ನುವ ಅಕ್ವೇರಿಯಂ ಮೀನು ತಂದೆ. ಒಂದಕ್ಕೆ ಮಾತ್ರ ಮೂತಿ ಮೇಲೆ ಮೀಸೆ ಚಿಗುರಿತ್ತು. "ಇದು ಗಂಡು, ಮಿಕ್ಕ ಮೂರೂ ಹೆಣ್ಣು ಸಾರ್" ಅಂದರು ಅಂಗಡಿಯಲ್ಲಿ. ನಂಬಿದೆ. ಎಂಟು ತಿಂಗಳು ಸೌತೆಕಾಯಿ ತಿನ್ನಿಸಿದ್ದೇ ಬಂತು, ಒಂದು ಮೊಟ್ಟೆ ಕಾಣಲಿಲ್ಲ. ಒಂದು ಬೆಳಿಗ್ಗೆ ಸಣ್ಣದೊಂದು ಮೈಯೆಲ್ಲ ಗೀರಿಸಿಕೊಂಡು ಸತ್ತುಬಿದ್ದಿತ್ತು. ಅಂಗೈಯಲ್ಲಿಟ್ಟು ನೋಡಿದರೆ ಹಣೆ ನಡುವೆ ರಾಗಿಕಾಳಿನಷ್ಟು ಎರಡು ಮೊಳಕೆ. ಅದೂ ಗಂಡೇ! ದೊಡ್ಡದರ ಕಾಟಕ್ಕೆ ಮೀಸೆ ಮೇಲೇಳಲೇ ಇಲ್ಲ. ಅಷ್ಟರಲ್ಲಿ ಟ್ಯಾಂಕು, ಹೀಟರು, ಮೀನು ಎಲ್ಲ ಸೇರಿ ಆರು ಸಾವಿರದ ಹತ್ತಿರ ಹೋಗಿತ್ತು.

ಆಮೇಲೆ ಮೀಸೆ ಇದೆಯೋ ಇಲ್ಲವೋ ಅನ್ನುವುದನ್ನು ಬಿಟ್ಟು, ಎಲ್ಲಿ ಹುಟ್ಟಿದೆ ಅಂತ ನೋಡತೊಡಗಿದೆ. ಹೆಣ್ಣಿಗೂ ಬರುತ್ತೆ, ಆದರೆ ಮೂತಿಯ ಅಂಚಿನಲ್ಲಿ ಗಿಡ್ಡಗೆ ಒಂದು ಸಾಲು, ಅಷ್ಟೇ. ಗಂಡಿಗೆ ನಡುಮೂತಿಯಿಂದ ಹಣೆಗೆ ಏರಿ, ಬೆಳೆದಂತೆ ಕವಲೊಡೆಯುತ್ತೆ.

ಮರಿಗಳಿಗೆ ಇದೂ ಸಾಲದು. ಸ್ವೀಟ್ ಅಂಗಡಿಯ ಪಾರದರ್ಶಕ ಡಬ್ಬಿಗೆ ಎರಡಿಂಚು ನೀರು ಹಾಕಿ, ಮೀನು ಬಿಟ್ಟು, ಮೇಲಿಂದೊಂದು ಕೆಳಗಿಂದೊಂದು ಫೋಟೊ ತೆಗೆದೆ. ಬಲೆ ಬೇಡವೇ ಬೇಡ, ಕೆನ್ನೆ ಮುಳ್ಳು ಸಿಕ್ಕಿಕೊಳ್ಳುತ್ತೆ. ಗಂಡಿನ ತಲೆ ಅಗಲ, ಎದೆರೆಕ್ಕೆಯ ಮುಂದಿನ ಮುಳ್ಳು ಅರದ ಹಾಗೆ ಒರಟು. ಹೆಣ್ಣಿಗೆ ಹೊಟ್ಟೆಯೇ ಅಗಲ; ಅದನ್ನು ಒಂದು ದಿನ ಉಪವಾಸ ಹಾಕಿಯೇ ನೋಡಿ, ತಿಂದ ಹೊಟ್ಟೆ ಮೋಸ ಮಾಡುತ್ತೆ. ಕೆಳಗಿಂದ ತೆಗೆದ ಫೋಟೊದಲ್ಲಿ ಗುದದ ಹಿಂದಿನ ಮೊನೆ ಗಂಡಿಗೆ ಚೂಪು, ಹೆಣ್ಣಿಗೆ ಮೊಂಡು. ಅಲುಗಾಡದಂತೆ ನಿಲ್ಲಿಸುವುದಕ್ಕೆ ನನ್ನದೊಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

"ಮೂರೂವರೆ ಇಂಚು ಆಗೋ ತನಕ ಯಾರಿಗೂ ಗೊತ್ತಾಗಲ್ಲ" ಅಂತ ಗೆಳೆಯರೊಬ್ಬರು ಒಪ್ಪಲೇ ಇಲ್ಲ. ಅವರದೇ ಟ್ಯಾಂಕಿನ ಎರಡೂವರೆ ಇಂಚಿನ 22 ಮರಿ ವಿಂಗಡಿಸಿಕೊಟ್ಟೆ. ಆರು ತಿಂಗಳ ಮೇಲೆ ಎಣಿಸಿದಾಗ ಹತ್ತೊಂಬತ್ತೋ ಇಪ್ಪತ್ತೋ ಸರಿಯಿತ್ತು.

ಈ ಮೀನು ಮೊಟ್ಟೆ ಇಡುವುದು ಗುಹೆಯಂಥ ಜಾಗದಲ್ಲಿ, ಹಾಗಾಗಿ ನಡುವೆ ಗುಹೆಯ ಪ್ರಯೋಗವೂ ನಡೆಯಿತು. ಬಿದಿರಿನ ಕೊಳವೆ ಎರಡೇ ತಿಂಗಳಿಗೆ ಕೊಳೆತು ನೀರು ಹಾಲಿನಂತಾಯಿತು. ಹೆಂಚಿನ ಚೂರನ್ನು ಮೀನು ಮೂಸಿಯೂ ನೋಡಲಿಲ್ಲ. ಕೊನೆಗೆ ಒಂದು ಬಾಯಿ ಮುಚ್ಚಿದ ಒಂದೂವರೆ ಇಂಚಿನ ಪಿವಿಸಿ ಪೈಪು, ಸುಮಾರು 40 ರೂಪಾಯಿ. ಮಳೆ ಹಿಡಿದ ವಾರ ಅರ್ಧ ನೀರು ಬದಲಿಸಿದೆ, ಹೊಸ ನೀರು ಸ್ವಲ್ಪ ತಣ್ಣಗಿತ್ತು. ಮೂರನೇ ಬೆಳಿಗ್ಗೆ ಟಾರ್ಚ್ ಬಿಟ್ಟರೆ ಒಳಗೆ ಕಿತ್ತಳೆ ಬಣ್ಣದ ಗೊಂಚಲು, 60ರ ಮೇಲಿರಬೇಕು. ಗಂಡು ಪೈಪಿನ ಬಾಯಿಗೆ ಅಡ್ಡವಾಗಿ ಕೂತು ರೆಕ್ಕೆಯಲ್ಲಿ ಗಾಳಿ ಬೀಸುತ್ತಿತ್ತು. ಸೌತೆಕಾಯಿ ಮುಂದಿಟ್ಟರೂ ಕದಲಲಿಲ್ಲ. ಐದನೇ ದಿನಕ್ಕೆ ಮರಿ ಒಡೆದವು.

ಒಪ್ಪದಿದ್ದ ಗೆಳೆಯರು ಅದರಲ್ಲಿ ಎರಡು ಜೋಡಿ ಒಯ್ದರು, ಜೋಡಿಗೆ 500. ವಿಂಗಡಿಸಿದ್ದು ನಾನೇ, ಎರಡೂವರೆ ಇಂಚಿಗೆ.