ಐದು ಬೋಗಿಗೆ ದೀಪ ಹಾಕಿದ್ದು

ಹಾಸನಾಂಬೆ ಗುಡಿಯ ಬಾಗಿಲು ತೆಗೆದ ವಾರ ಹಾಸನದಲ್ಲಿ ಯಾರ ಮನೆಯೂ ಖಾಲಿ ಇರುವುದಿಲ್ಲ. ನಮ್ಮ ಮನೆಗೂ ನೆಂಟರು ಬಂದಿದ್ದರು. ದರ್ಶನದ ಕ್ಯೂನಲ್ಲಿ ನಿಂತು ಕಾಲು ನೋಯಿಸಿಕೊಂಡು ಬಂದವರನ್ನೂ ಬಿಡದೆ ಮಹಡಿ ಹತ್ತಿಸಿ ಮೇಜಿನ ಮೇಲಿನ ನನ್ನ ಮಾದರಿ ರೈಲು ತೋರಿಸುವುದು ನನ್ನ ಹಳೇ ಚಾಳಿ. ಆ ಸಲ ಬೋಗಿಗಳಿಗೆ ಹೊಸದಾಗಿ ಲೈಟ್ ಬೇರೆ ಹಾಕಿದ್ದೆ. ಕೋಣೆಯ ದೀಪ ಆರಿಸಿ ರೈಲು ಬಿಟ್ಟೆ.

ರೈಲು ನಿಧಾನಕ್ಕೆ ಹೊರಟಿತು. ಲೈಟ್ ಇಲ್ಲ. ಸ್ಪೀಡ್ ಜಾಸ್ತಿ ಮಾಡಿದೆ. ಫಳ್ ಅಂತ ಐದೂ ಬೋಗಿ ಮದುವೆ ಛತ್ರದ ಹಾಗೆ ಹೊತ್ತಿಕೊಂಡವು. ತಿರುವಿನಲ್ಲಿ ಮಿಣಕ್ ಮಿಣಕ್ ಅಂದವು. ಸ್ಟೇಷನ್ನಿಗೆ ಬಂದು ನಿಂತ ಕೂಡಲೇ ಮತ್ತೆ ಕತ್ತಲೆ. "ಕರೆಂಟ್ ಹೋಯ್ತೇನೋ?" ಅಂದರು ನಮ್ಮ ಸೋದರತ್ತೆ.

ನನ್ನದು ಎಚ್‌ಒ ಸ್ಕೇಲ್. ನಿಜವಾದ ರೈಲಿನ 87ನೇ ಒಂದು ಪಾಲು, ಹಳಿಗಳ ನಡುವೆ 16.5 ಮಿ.ಮೀ. ನೀಲಿ ಬಣ್ಣದ ಹಳೇ ಐಸಿಎಫ್ (ಚೆನ್ನೈ ಕಾರ್ಖಾನೆಯ ಮಾದರಿ) ಬೋಗಿ ನಿಜದಲ್ಲಿ 21 ಮೀಟರಿಗಿಂತ ಸ್ವಲ್ಪ ಉದ್ದ, ನನ್ನ ಮೇಜಿನ ಮೇಲೆ ಇಪ್ಪತ್ತನಾಲ್ಕೂವರೆ ಸೆಂ.ಮೀ. ಎರಡು ಜನರಲ್, ಎರಡು ಸ್ಲೀಪರ್, ಕೊನೆಗೊಂದು ಗಾರ್ಡ್ ಬೋಗಿ. ಫಾಲ್ಸ್ ಸೀಲಿಂಗಿಗೆ ಹಾಕುತ್ತಾರಲ್ಲ, ಆ 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್ಪನ್ನೇ ತಂದು ಚಾವಣಿಗೆ ಅಂಟಿಸಿದ್ದೆ. ಮೀಟರಿಗೆ 60 ಎಲ್‌ಇಡಿ ಇರುವ ಸ್ಟ್ರಿಪ್ಪಿನಲ್ಲಿ ಪ್ರತಿ 5 ಸೆಂ.ಮೀ.ಗೆ ಕತ್ತರಿ ಗುರುತು ಇರುತ್ತದೆ. ಅಲ್ಲೇ ಕತ್ತರಿಸಬೇಕು, ನಡುವೆ ಕತ್ತರಿಸಿದರೆ ಆ ತುಂಡು ಉರಿಯುವುದಿಲ್ಲ. ಬೋಗಿಗೆ 20 ಸೆಂ.ಮೀ., ಅಂದರೆ ಹನ್ನೆರಡು ಎಲ್‌ಇಡಿ.

ತಪ್ಪು ಎಲ್ಲಿ ಅಂತ ಆಮೇಲೆ ಲೆಕ್ಕ ಹಾಕಿದೆ. ಈ ರೈಲಿನಲ್ಲಿ ಎಂಜಿನ್ನಿಗೂ ಲೈಟಿಗೂ ಕರೆಂಟ್ ಬರುವುದು ಹಳಿಯಿಂದಲೇ, ಹಳಿಯ ವೋಲ್ಟೇಜ್ ಏರಿಸಿದರೆ ಸ್ಪೀಡ್ ಏರುತ್ತದೆ. ಆ ಸ್ಟ್ರಿಪ್ಪಿನಲ್ಲಿ ಮೂರು ಮೂರು ಎಲ್‌ಇಡಿ ಸಾಲಾಗಿ ಕೂತಿವೆ. ಒಂದಕ್ಕೆ ಸುಮಾರು 3 ವೋಲ್ಟ್ ಅಂದರೂ ಮೂರಕ್ಕೆ 9. ರೈಲು ಹಿಂದಕ್ಕೆ ಹೋಗುವಾಗ ಹಳಿಯ ಪ್ಲಸ್ ಮೈನಸ್ ಅದಲುಬದಲಾಗುತ್ತದೆ, ಆಗಲೂ ಲೈಟ್ ಉರಿಯಲಿ ಅಂತ ನಡುವೆ ನಾಲ್ಕು ಡಯೋಡಿನ ಬ್ರಿಡ್ಜ್ ಹಾಕಿದ್ದೆ. ಅದು ಇನ್ನೊಂದು 1.4 ವೋಲ್ಟ್ ನುಂಗುತ್ತದೆ. ಹಳಿಯಲ್ಲಿ ಹತ್ತು ವೋಲ್ಟ್ ಬರುವವರೆಗೂ ಲೈಟ್ ಸರಿಯಾಗಿ ಹೊತ್ತುವುದೇ ಇಲ್ಲ. ನನ್ನ ಎಂಜಿನ್ನೋ, ನಾಲ್ಕು ವೋಲ್ಟಿಗೇ ಹೊರಡುತ್ತದೆ.

ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಈಗ ಅವರ ಅಂಗಡಿಗೆ ಟಿವಿಗಿಂತ ಮಿಕ್ಸಿ ಜಾಸ್ತಿ ಬರುತ್ತದೆ. ಒಂದು ಬೋಗಿ ಕೈಯಲ್ಲಿ ಹಿಡಿದುಕೊಂಡು ಹೋದೆ. ಅವರು ಅದನ್ನು ತಿರುವಿ ಹೊಟ್ಟೆ ನೋಡಿದರು.

"ನಿಜವಾದ ರೈಲು ಸ್ಟೇಷನ್ನಲ್ಲಿ ನಿಂತಾಗ ಲೈಟ್ ಹೆಂಗೆ ಉರಿಯುತ್ತೆ ಹೇಳಪ್ಪ?"

"ಬ್ಯಾಟರಿ ಇರುತ್ತಲ್ವಾ ಸಾರ್."

"ಗಾಲಿಗೆ ಬೆಲ್ಟು, ಬೆಲ್ಟಿಂದ ಆಲ್ಟರ್ನೇಟರು, ಅದರಿಂದ ಬ್ಯಾಟರಿ ಚಾರ್ಜು. ಇದರಲ್ಲಿ ಬ್ಯಾಟರಿ ಪೆಟ್ಟಿಗೆ ಆಟಕ್ಕೆ ಮಾಡಿಟ್ಟಿದಾರೆ. ನಿನ್ನ ಬ್ಯಾಟರಿ ಎಲ್ಲಿ ಮಾರಾಯ?"

ಬ್ಯಾಟರಿ ಬದಲು ಅವರು ಕೊಟ್ಟಿದ್ದು ಕೆಪಾಸಿಟರ್, 1000 ಮೈಕ್ರೋಫ್ಯಾರಡ್, 25 ವೋಲ್ಟ್. ಜೊತೆಗೆ ಇನ್ನೊಂದು ಮಾತು ಹೇಳಿದರು. ನನ್ನ ಇಡೀ ಕೆಲಸ ಕೂತಿದ್ದು ಆ ಮಾತಿನ ಮೇಲೆ. ವೋಲ್ಟೇಜ್ ಏರಿಸಿ ಇಳಿಸಿ ರೈಲು ಓಡಿಸಬೇಡ, ಪಿಡಬ್ಲ್ಯುಎಂ ಹಾಕು ಅಂದರು. ಸಣ್ಣ ಡಿಸಿ ಮೋಟಾರುಗಳ ಸ್ಪೀಡ್ ಕಂಟ್ರೋಲರ್ ಬೋರ್ಡ್ ಅದು. ಇದರಲ್ಲಿ ಹಳಿಗೆ ಯಾವಾಗಲೂ ಪೂರ್ತಿ 12 ವೋಲ್ಟೇ ಬರುತ್ತದೆ, ಆದರೆ ತುಂಡು ತುಂಡಾಗಿ, ಸೆಕೆಂಡಿಗೆ ಸಾವಿರಾರು ಸಲ ಹೊತ್ತಿ ಆರಿ. ತುಂಡು ಚಿಕ್ಕದಿದ್ದರೆ ಮೋಟಾರಿಗೆ ನಿಧಾನ, ದೊಡ್ಡದಿದ್ದರೆ ಜೋರು. ಆದರೆ ಕೆಪಾಸಿಟರಿಗೆ ಆ ಚಿಕ್ಕ ತುಂಡೇ ಸಾಕು. ಹೊತ್ತಿದಾಗ ತುಂಬಿಕೊಳ್ಳುತ್ತದೆ, ಆರಿದಾಗ ಎಲ್‌ಇಡಿಗೆ ಕೊಡುತ್ತದೆ. ಹಾಗಾಗಿ ರೈಲು ತೆವಳುತ್ತಿದ್ದರೂ ಲೈಟ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಸ್ಟೇಷನ್ನಲ್ಲಿ ನಿಲ್ಲಿಸುವಾಗ ನಾಬನ್ನು ಪೂರ್ತಿ ಸೊನ್ನೆಗೆ ತರದೆ ಒಂದು ಕೂದಲಷ್ಟು ಮೇಲಿಟ್ಟರೆ ಎಂಜಿನ್ ಗುಂಯ್ ಅನ್ನುತ್ತಾ ನಿಲ್ಲುತ್ತದೆ, ಲೈಟ್ ಆರುವುದಿಲ್ಲ. ತುಂಬಾ ಹೊತ್ತು ಹಾಗೆ ಬಿಡಬಾರದು, ಮೋಟಾರ್ ಬಿಸಿಯಾಗುತ್ತದೆ. ಕೋರ್‌ಲೆಸ್ (ಒಳಗೆ ಕಬ್ಬಿಣದ ತಿರುಳಿಲ್ಲದ) ಮೋಟಾರಿನ ಎಂಜಿನ್ ಇದ್ದವರು ಈ ದಾರಿಗೆ ಬರುವ ಮೊದಲು ಯೋಚನೆ ಮಾಡಿ, ಅವಕ್ಕೆ ಇದು ಅಷ್ಟು ಒಗ್ಗುವುದಿಲ್ಲ.

ಕೊನೆಗೆ ನಿಂತ ಸರ್ಕೀಟ್ ಇಷ್ಟೇ: ಹಳಿಯಿಂದ ಬ್ರಿಡ್ಜ್, ಬ್ರಿಡ್ಜಿನಿಂದ 47 ಓಮ್ ರೆಸಿಸ್ಟರ್, ಆಮೇಲೆ ಕೆಪಾಸಿಟರ್, ಅಲ್ಲಿಂದ 1 ಕಿಲೋ ಓಮ್ ದಾಟಿ ಸ್ಟ್ರಿಪ್. 47 ಓಮ್ ಯಾಕೆ ಅಂದರೆ, ಖಾಲಿ ಕೆಪಾಸಿಟರುಗಳು ಮೊದಲ ಕ್ಷಣದಲ್ಲಿ ಹಸಿದ ಹಸುವಿನ ಹಾಗೆ ಒಟ್ಟಿಗೆ ಎಳೆದುಕೊಳ್ಳುತ್ತವೆ. ಅದು ಶಾರ್ಟ್ ಅಂದುಕೊಂಡು ನನ್ನ ಅಡಾಪ್ಟರ್ ಕೈ ಎತ್ತುತ್ತಿತ್ತು.

ಕೆಪಾಸಿಟರ್ ಇಡುವ ಜಾಗ ಹುಡುಕಲು ಒಂದು ಸಂಜೆ ಹೋಯಿತು. ಹತ್ತು ಮಿ.ಮೀ. ದಪ್ಪ, ಎರಡು ಸೆಂ.ಮೀ. ಉದ್ದ. ಎಲ್ಲಿಟ್ಟರೂ ಕಿಟಕಿಯಲ್ಲಿ ಡ್ರಮ್ಮಿನ ಹಾಗೆ ಕಾಣುತ್ತದೆ. ಕೊನೆಗೆ ಟಾಯ್ಲೆಟ್ಟಿನಲ್ಲಿ ಮಲಗಿಸಿದೆ. ಅಲ್ಲಿ ಹೇಗೂ ಮಸುಕು ಗಾಜು, ಒಳಗೇನಿದೆ ಅಂತ ಯಾರೂ ಇಣುಕುವುದಿಲ್ಲ.

ಎರಡು ಅನಾಹುತ ಮಾಡಿಕೊಂಡೆ. ಒಂದು ಕೆಪಾಸಿಟರನ್ನು ಉಲ್ಟಾ ಬೆಸೆದಿದ್ದೆ. ಅದರ ಮೈಮೇಲೆ ಬಿಳಿ ಪಟ್ಟಿ ಇರುವ ಕಾಲು ಮೈನಸ್, ಗೊತ್ತಿದ್ದೂ ಮಾಡಿದ ತಪ್ಪು. ಒಂದೆರಡು ನಿಮಿಷಕ್ಕೆ ತಲೆ ಉಬ್ಬಿ ಟಪ್ ಅಂದಿತು, ಕೋಣೆ ತುಂಬ ಕೊಳೆತ ಮೀನಿನ ವಾಸನೆ. ಅದೃಷ್ಟಕ್ಕೆ ಬೋಗಿಯ ಒಳಗಿರಲಿಲ್ಲ, ಮೇಜಿನ ಮೇಲೆ ಟೆಸ್ಟ್ ಮಾಡುತ್ತಿದ್ದೆ.

ಇನ್ನೊಂದು ಅಡುಗೆಮನೆಯಿಂದ ಬಂದಿದ್ದು. ಲೈಟ್ ಹಾಕಿದ ಮೇಲೆ ಪ್ಲಾಸ್ಟಿಕ್ ಗೋಡೆಯೇ ನೀಲಿ ಬಲ್ಬಿನ ಹಾಗೆ ಹೊಳೆಯುತ್ತಿತ್ತು. ಬೆಳಕು ತಡೆಯಲಿ ಅಂತ ಚಪಾತಿ ಸುತ್ತುವ ಫಾಯಿಲ್ ಒಳಗೆಲ್ಲ ಅಂಟಿಸಿದೆ. ಚಾವಣಿ ಮುಚ್ಚಿದ ತಕ್ಷಣ ಸ್ಟ್ರಿಪ್ಪಿನ ತುದಿಯ ತಾಮ್ರಕ್ಕೆ ಫಾಯಿಲ್ ತಾಗಿ ಶಾರ್ಟ್. ಎಲ್ಲ ಕಿತ್ತು, ಗೋಡೆಯ ಒಳಗಡೆ ಮೊದಲು ಕಪ್ಪು ಬಣ್ಣ, ಒಣಗಿದ ಮೇಲೆ ಬಿಳಿ ಬಣ್ಣ ಬಳಿದೆ. ಕಪ್ಪು ಬೆಳಕನ್ನು ತಡೆಯುತ್ತದೆ, ಬಿಳಿ ಅದನ್ನು ಸೀಟಿನ ಮೇಲೆ ಹರಡುತ್ತದೆ.

ಇದೆಲ್ಲ ಸುಲಭದ ಭಾಗ. ನಿಜವಾದ ತಲೆನೋವು ಗಾಲಿಯಿಂದ ಕರೆಂಟ್ ಎತ್ತುವುದು.

ಬೋಗಿಗಳ ಜೊತೆ ಬಂದಿದ್ದ ಪ್ಲಾಸ್ಟಿಕ್ ಗಾಲಿ ತೆಗೆದು ಹತ್ತೂವರೆ ಮಿ.ಮೀ. ಲೋಹದ ಗಾಲಿ ಹಾಕಿದ್ದೆ. ಪ್ರತಿ ಅಚ್ಚಿನಲ್ಲೂ ಒಂದು ಗಾಲಿ ಅಚ್ಚಿಗೆ ತಾಗಿರುತ್ತದೆ, ಇನ್ನೊಂದರ ನಡುವೆ ಪ್ಲಾಸ್ಟಿಕ್ ಬುಷ್ ಇರುತ್ತದೆ. ಇಲ್ಲದಿದ್ದರೆ ಎರಡೂ ಹಳಿ ಕೂಡಿ ಶಾರ್ಟ್ ಆಗುತ್ತದೆ. ಹಳೇ ರಿಲೇಯ ಒಳಗಿನ ಸ್ಪ್ರಿಂಗಿನಂಥ ತೆಳು ಲೋಹದ ಎಲೆಗಳನ್ನು ಆ ಹಿರಿಯರೇ ಬಿಚ್ಚಿಕೊಟ್ಟರು. ಅವನ್ನು ಗಾಲಿಯ ಬೆನ್ನಿಗೆ ಒತ್ತುವ ಹಾಗೆ ಕೂರಿಸಿದೆ, ಬೋಗಿಗೆ ನಾಲ್ಕರಂತೆ. ಕರೆಂಟ್ ಚೆನ್ನಾಗಿ ಬಂತು. ರೈಲು ಮಾತ್ರ ಏರು ಹತ್ತಲಿಲ್ಲ.

ನನ್ನ ಮೇಜಿನ ಒಂದು ಬದಿ ಸಕಲೇಶಪುರದ ಘಾಟಿ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಇಳಿಜಾರು 50ಕ್ಕೆ 1, ನಾನೂ ಹಟ ಹಿಡಿದು ಹಾಗೇ ಮಾಡಿದ್ದೇನೆ. ಎಂಜಿನ್ ಅರ್ಧ ದಾರಿಗೆ ಬಂದು ನಿಂತಲ್ಲೇ ಗಾಲಿ ತಿರುಗಿಸತೊಡಗಿತು. ನಿಜವಾದ ಘಾಟಿಯಲ್ಲಾದರೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಹಾಕುತ್ತಾರೆ. ನನ್ನ ಹತ್ತಿರ ಇರುವುದೇ ಒಂದು ಎಂಜಿನ್.

ಸೈಕಲ್ ಬ್ರೇಕ್ ನೆನಪಾದ ಮೇಲೆ ದಾರಿ ಕಂಡಿತು. ರಿಮ್ಮನ್ನು ಮುಟ್ಟಿದರೆ ಸೈಕಲ್ ನಿಲ್ಲುತ್ತದೆ, ನಡುವಿನ ಅಚ್ಚನ್ನು ಸವರಿದರೆ ಏನೂ ಆಗುವುದಿಲ್ಲ. ಎಲೆಗಳನ್ನು ಗಾಲಿಯಿಂದ ತೆಗೆದು ಅಚ್ಚಿನ ಮೇಲೆ ಕೂರಿಸಿದೆ. ಮುಂದಿನ ಎರಡು ಅಚ್ಚುಗಳಲ್ಲಿ ತಾಗಿದ ಗಾಲಿ ಎಡಗಡೆ, ಹಿಂದಿನ ಎರಡರಲ್ಲಿ ಬಲಗಡೆ. ಎರಡು ಅಚ್ಚಿಗೆ ಒಂದೇ ಎಲೆ, ಸುಮ್ನೆ ಸವರುವಷ್ಟು. ಜೊತೆಗೆ ಮೊದಲನೇ ಮತ್ತು ಕೊನೇ ಬೋಗಿಯಲ್ಲಿ ಮಾತ್ರ ಎಲೆ ಇಟ್ಟು, ಬ್ರಿಡ್ಜ್ ದಾಟಿದ ಕರೆಂಟನ್ನು ಉಳಿದ ಬೋಗಿಗಳಿಗೆ ಎರಡು ಪಿನ್ನಿನ ಸಣ್ಣ ಕನೆಕ್ಟರಿನಿಂದ ದಾಟಿಸಿದೆ. ಕಪ್ಪು ತಂತಿ, ನೋಡಿದರೆ ಬ್ರೇಕ್ ಹೋಸ್‌ಪೈಪ್ ಅನ್ನಿಸುತ್ತದೆ. ಬೋಗಿ ಉಲ್ಟಾ ಸೇರಿಸಿದರೆ ಪ್ಲಸ್ ಮೈನಸ್ ಅದಲುಬದಲಾಗುತ್ತದೆ ಅಂತ ಪ್ರತಿಯೊಂದರ ಹೊಟ್ಟೆಗೆ ಉಗುರು ಬಣ್ಣದ ಒಂದು ಕೆಂಪು ಚುಕ್ಕೆ.

ಎಲೆ ಬಿಗಿಯಾಗಿದೆಯಾ ಅಂತ ನೋಡಲು ಮೀಟರ್ ಏನೂ ಬೇಡ. ಒಂದು ಮೀಟರ್ ಉದ್ದದ ಹಲಗೆ ಮೇಲೆ ಹಳಿ ಇಡಿ. ಒಂದು ತುದಿಯ ಕೆಳಗೆ ಎರಡು ಬೆಂಕಿಪೊಟ್ಟಣ ಮಲಗಿಸಿ ಇಡಿ. ಬೋಗಿ ತಾನಾಗೇ ಉರುಳಿ ಹೋದರೆ ಸರಿ, ನಿಂತರೆ ಎಲೆ ಸಡಿಲಿಸಿ. ಎಲೆಯಿಂದ ಮೇಲಕ್ಕೆ ಹೋಗುವ ತಂತಿಯೂ ಮೆತ್ತಗಿರಬೇಕು. ಮೊದಲು ಗಟ್ಟಿ ತಂತಿ ಹಾಕಿ ತಿರುವು ಬಂದಾಗೆಲ್ಲ ಬೋಗಿ ಹಳಿ ತಪ್ಪುತ್ತಿತ್ತು. ಈಗ ಹಾಳಾದ ಇಯರ್‌ಫೋನಿನ ತಂತಿ ಹಾಕಿದ್ದೇನೆ. ಅದರ ಎಳೆಗಳಿಗೆ ಅರಗಿನಂಥ ಲೇಪ ಇರುತ್ತದೆ, ಸೋಲ್ಡರಿಂಗ್ ಐರನ್ನಿನ ತುದಿಯಲ್ಲಿ ಸುಟ್ಟು ತೆಗೆಯದಿದ್ದರೆ ಬೆಸುಗೆ ಹಿಡಿಯುವುದಿಲ್ಲ.

ಮಳೆಗಾಲದಲ್ಲಿ ಇಲ್ಲಿನ ಥಂಡಿಗೆ ಹಳಿ ಬೇಗ ಕಪ್ಪಾಗುತ್ತದೆ. ಮೆಡಿಕಲ್ ಶಾಪಿನ ಐಸೋಪ್ರೊಪೈಲ್ ಆಲ್ಕೋಹಾಲ್, ಹಳೇ ಬನಿಯನ್ ಬಟ್ಟೆ. ವಾರಕ್ಕೊಂದು ಸಲ ಒರೆಸಿದರೆ ಸಾಕು.

ಇಷ್ಟೆಲ್ಲ ಆದಮೇಲೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಒಂದು ರಾತ್ರಿ ಮಗಳನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋದೆ. ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ಮಂಗಳೂರು ಕಡೆಯ ರೈಲಿಗೆ ಕಾದೆವು. ರೈಲು ಬಂದು ನಿಂತಿತು. ಜನರಲ್ ಬೋಗಿಯಲ್ಲಿ ಲೈಟ್ ಇತ್ತು. ಸ್ಲೀಪರುಗಳಲ್ಲಿ ಹೆಚ್ಚಿನ ಕಿಟಕಿ ಕತ್ತಲೆ, ಒಳಗೆಲ್ಲೋ ಒಂದು ನೀಲಿ ದೀಪ.

"ಅಪ್ಪಾ, ನಿಮ್ಮ ರೈಲಲ್ಲಿ ಯಾರೂ ಮಲಗೋದೇ ಇಲ್ವಾ?" ಅಂದಳು.

ಮನೆಗೆ ಬಂದು ಸ್ಲೀಪರಿನ ಬಿಳಿ ಸ್ಟ್ರಿಪ್ ಕಿತ್ತು ಹಾಕಿದೆ. ಒಂದೊಂದು ಸ್ಲೀಪರಿಗೆ ಎರಡೇ ನೀಲಿ ಎಲ್‌ಇಡಿ, ಒಂದೊಂದಕ್ಕೂ 22 ಕಿಲೋ ಓಮ್. ಹಗಲಲ್ಲಿ ಉರಿಯುತ್ತಿದೆಯೋ ಇಲ್ಲವೋ ಗೊತ್ತಾಗದಷ್ಟು ಮಂಕು. ಟಾಯ್ಲೆಟ್ ಪಕ್ಕದ ಬಾಗಿಲ ಹತ್ತಿರ ಮಾತ್ರ ಒಂದು ಹಳದಿ. ಜನರಲ್ ಬೋಗಿಗಳ ಕೂಲ್ ವೈಟ್ ತೆಗೆದು ವಾರ್ಮ್ ವೈಟ್ ಹಾಕಿದೆ. ಕೂಲ್ ವೈಟಿನಲ್ಲಿ ಅವು ಆಪರೇಷನ್ ಥಿಯೇಟರ್ ಥರ ಕಾಣುತ್ತಿದ್ದವು. ಹೊಸ ಕೆಂಪು ಎಲ್‌ಎಚ್‌ಬಿ ಬೋಗಿ ಇದ್ದವರು ಬಿಳಿಯನ್ನೇ ಇಟ್ಟುಕೊಳ್ಳಬಹುದು. ಗಾರ್ಡ್ ಬೋಗಿಯ ಹಿಂದೆ ತಾನೇ ಮಿನುಗುವ ಕೆಂಪು ಎಲ್‌ಇಡಿ, ಬಿಡಿಭಾಗದ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಮೊನ್ನೆ ಭಾನುವಾರ ಅಂಗಡಿಯ ಹಿರಿಯರನ್ನು ಮನೆಗೆ ಕರೆದೆ. ಕಾಫಿ ಕುಡಿದು ಮಹಡಿಗೆ ಬಂದರು. ದೀಪ ಆರಿಸಿ ರೈಲು ಬಿಟ್ಟೆ. ನಿಧಾನಕ್ಕೆ ಘಾಟಿ ಹತ್ತಿತು, ಸುರಂಗ ದಾಟಿತು, ಸ್ಟೇಷನ್ನಿಗೆ ಬಂದು ನಿಂತಿತು. ಲೈಟ್ ಆರಲಿಲ್ಲ. ಅವರು ಕನ್ನಡಕ ಹಣೆಗೆ ಏರಿಸಿ, ಮೇಜಿಗೆ ಕೆನ್ನೆ ತಾಗಿಸಿ, ಜನರಲ್ ಬೋಗಿಯ ಕಿಟಕಿಯನ್ನೇ ಸುಮಾರು ಹೊತ್ತು ನೋಡಿದರು.

"ಲೈಟೇನೋ ಚೆನ್ನಾಗಿದೆ. ಜನರಲ್ ಬೋಗಿ ಇಷ್ಟು ಖಾಲಿ ಎಲ್ಲಿರುತ್ತೆ ಮಾರಾಯ?"

ಕತ್ತಲಿದ್ದಾಗ ಕಾಣದ ಖಾಲಿ ಸೀಟುಗಳು ಈಗ ಸಾಲಾಗಿ ಕಾಣುತ್ತಿವೆ. ಬೋಗಿಗೆ ಸೀಟೇ 90. ಎರಡು ಸೆಂ.ಮೀ. ಎತ್ತರದ ಗೊಂಬೆಗಳಿಗೆ ಶರ್ಟು, ಸೀರೆ ಬಳಿಯುತ್ತಾ ಕೂತಿದ್ದೇನೆ. ನಿನ್ನೆಗೆ ಹದಿನೇಳು ಜನ ಆಗಿದ್ದಾರೆ. ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂರುವ ಇಬ್ಬರನ್ನು ಮಗಳು ಮಾಡಿಕೊಡುತ್ತಾಳಂತೆ.