80 ಮೈಕ್ರಾನ್ ಎಳೆಯ ಹಿಂದೆ ನಿಲ್ಲುವ ರಕ್ತ: ಸ್ಟೆಂಟ್ ಲೆಕ್ಕಾಚಾರದ ನನ್ನ ಅನುಭವ

ಸ್ಟೆಂಟ್ (ಕಿರಿದಾದ ರಕ್ತನಾಳವನ್ನು ತೆರೆದಿಡುವ ಜಾಲರಿ ನಳಿಕೆ) ಹಾಕಿದ ಕೊರೊನರಿ ಅಪಧಮನಿಯ, ಅಂದರೆ ಹೃದಯಕ್ಕೇ ರಕ್ತ ಒದಗಿಸುವ ನಾಳದ, ಹರಿವನ್ನು, ಒಂದೊಂದು ಸ್ಟ್ರಟ್‌ನ (ಜಾಲರಿಯ ಎಳೆಯ) ಹಿಂಬದಿಯೂ ಸ್ಪಷ್ಟವಾಗಿ ಕಾಣುವಷ್ಟು ಸೂಕ್ಷ್ಮವಾಗಿ, ಮನೆಯ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲಾಗದು ಎಂದು ನನಗೆ ಹೇಳಿದವರೆಲ್ಲ ವಿಷಯ ಬಲ್ಲವರೇ ಆಗಿದ್ದರು. ಶಿರಸಿಯ ನಮ್ಮ ಮನೆಯ ಮಾಳಿಗೆಯಲ್ಲಿ ಆ ಲೆಕ್ಕ ಕಳೆದ ಮಳೆಗಾಲದಲ್ಲಿ ಮುಗಿಯಿತು.

ಚಾಲಿ ಅಡಿಕೆ ಮಾರಿದ ಹಣದಲ್ಲಿ ಸುಮಾರು 65,000 ರೂಪಾಯಿ ಕೊಟ್ಟು, 16 ಕೋರ್ ಮತ್ತು 64 ಜಿಬಿ ಮೆಮೊರಿಯ ಹಳೆಯ ವರ್ಕ್‌ಸ್ಟೇಷನ್ ತಂದೆ. ಹರಿವಿನ ಲೆಕ್ಕ ಮಾಡುವ ಓಪನ್‌ಫೋಮ್, ಆಕಾರ ರೂಪಿಸುವ ಬ್ಲೆಂಡರ್, ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂ ಉಚಿತವಾದ್ದರಿಂದ ತಂತ್ರಾಂಶಕ್ಕೆ ಖರ್ಚಾಗಲಿಲ್ಲ.

ಮೊದಲಿಗೆ ಸ್ಟೆಂಟ್ ಇಲ್ಲದ 3 ಮಿಮೀ ನಳಿಕೆಯಲ್ಲಿ ಸೆಕೆಂಡಿಗೆ 20 ಸೆಂಮೀ ಸರಾಸರಿ ವೇಗ ಕೊಟ್ಟು ನೋಡಿದೆ. ಕೈಲೆಕ್ಕದಲ್ಲಿ ಗೋಡೆಯ ಶಿಯರ್ ಒತ್ತಡ (ಹರಿವು ಗೋಡೆಯನ್ನು ಉಜ್ಜುವ ಒತ್ತಡ) 1.87 ಪಾಸ್ಕಲ್ ಬರಬೇಕಿತ್ತು. ಪರದೆಯ ಮೇಲೆ 0.0018 ಬಂತು. ಮೆಶ್, ಅಂದರೆ ಲೆಕ್ಕಕ್ಕಾಗಿ ಹರಿವಿನ ಜಾಗವನ್ನು ಪುಟ್ಟ ಕೋಶಗಳಾಗಿ ವಿಭಜಿಸಿದ ಬಲೆ, ತಪ್ಪಿರಬೇಕೆಂದು ಹತ್ತು ಹನ್ನೆರಡು ದಿನ ಅದನ್ನೇ ತಿದ್ದಿದೆ. ಓಪನ್‌ಫೋಮ್‌ನ ಅಸಂಕೋಚ್ಯ ಸಾಲ್ವರ್ (ದ್ರವದ ಸಾಂದ್ರತೆ ಬದಲಾಗದೆಂದು ಲೆಕ್ಕ ಹಾಕುವ ಭಾಗ) ಒತ್ತಡವನ್ನು ಸಾಂದ್ರತೆಯಿಂದ ಭಾಗಿಸಿಯೇ ಕೊಡುತ್ತದೆ, ಅದನ್ನು ರಕ್ತದ ಸಾಂದ್ರತೆಯಾದ 1060ರಿಂದ ಗುಣಿಸಬೇಕು ಎಂಬುದು ಆಮೇಲೆ ಹೊಳೆಯಿತು. ಸರಳ ನಳಿಕೆಯನ್ನು ಮೊದಲು ಪರೀಕ್ಷಿಸದೆ ನೇರವಾಗಿ ಸ್ಟೆಂಟಿಗೆ ಕೈಹಾಕಿದ್ದರೆ ಈ ತಪ್ಪು ನನಗೆ ಸಿಗುತ್ತಲೇ ಇರಲಿಲ್ಲ.

ನಿಜವಾದ ಕಷ್ಟ ಮೆಶ್‌ನಲ್ಲಿತ್ತು. 80 ಮೈಕ್ರಾನ್ ದಪ್ಪದ ಸ್ಟ್ರಟ್‌ಗೆ 40 ಮೈಕ್ರಾನ್ ಕೋಶ ಕೊಟ್ಟರೆ ಅದರ ಅಂಚುಗಳು ಸವೆದ ಸಾಬೂನಿನಂತೆ ದುಂಡಗಾಗುತ್ತವೆ. 8 ಮಿಮೀ ಉದ್ದದ ತುಂಡಿನ ತುಂಬ 10 ಮೈಕ್ರಾನ್ ಕೋಶ ತುಂಬಿದರೆ ಐದೂವರೆ ಕೋಟಿ ದಾಟುತ್ತದೆ, ನನ್ನ ಯಂತ್ರ ಅದನ್ನು ಹೊರುವುದಿಲ್ಲ. ಸ್ಟ್ರಟ್‌ಗಳ ಸುತ್ತ ಮಾತ್ರ ಸೂಕ್ಷ್ಮಗೊಳಿಸಿ, ನಡುವಿನ ಹರಿವಿನಲ್ಲಿ ಕೋಶಗಳನ್ನು ದೊಡ್ಡದಾಗಿಯೇ ಬಿಟ್ಟು, ಸುಮಾರು 50 ಲಕ್ಷಕ್ಕೆ ಇಳಿಸಿದೆ. ಶಿಯರ್ ಕಡಿಮೆಯಿರುವ ಕಡೆ ಅಪಧಮನಿ ಮತ್ತೆ ಕಿರಿದಾಗುವ ಸಂಭವ ಹೆಚ್ಚು ಎನ್ನುತ್ತಾರೆ. ಅದು 0.4 ಪಾಸ್ಕಲ್‌ಗಿಂತ ಕಡಿಮೆಯಿರುವ ಗೋಡೆಯ ಪಾಲು 40 ಮೈಕ್ರಾನ್ ಕೋಶದಲ್ಲಿ ಶೇ. 17, 20ರಲ್ಲಿ ಶೇ. 25, 10ರಲ್ಲಿ ಶೇ. 27ರ ಆಸುಪಾಸಿನಲ್ಲಿತ್ತು ಎಂದು ನೆನಪು. ಸ್ಟ್ರಟ್ ಗೋಡೆಯನ್ನು ತಾಗುವ ಚೂಪು ಸಂದಿಯಲ್ಲಿ ಕೋಶಗಳು ಕೆಡದಂತೆ ಬ್ಲೆಂಡರ್‌ನಲ್ಲಿ ನಾನು ಮಾಡುವ ತಿದ್ದುಪಡಿಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಐದು ತಿಂಗಳು ತೆತ್ತಿದ್ದೇನೆ.

0.8 ಸೆಕೆಂಡಿನ ಮೂರು ಹೃದಯಬಡಿತಗಳಿಗೆ ಕಾಲದ 24,000 ಪುಟ್ಟ ಹೆಜ್ಜೆಗಳು, ಅಂದರೆ ತಡೆಯಿಲ್ಲದೆ ಓಡಿದರೆ ಆರು ದಿನ ಮತ್ತು ಅರವತ್ತೈದು ಯೂನಿಟ್ ವಿದ್ಯುತ್. ಆಷಾಢದ ಮಳೆಯಲ್ಲಿ ತಂತಿಯ ಮೇಲೆ ಮರ ಬೀಳುವ ನಮ್ಮೂರಿನಲ್ಲಿ ಅದಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ಒಮ್ಮೆ ಫಲಿತಾಂಶ ಬರೆಯುತ್ತಿರುವಾಗಲೇ ಕರೆಂಟು ಹೋಯಿತು, ಇನ್ವರ್ಟರ್ ಕೈಕೊಟ್ಟಿತು. ಜಾಗ ಉಳಿಸಲೆಂದು ಕೊನೆಯ ಒಂದೇ ಪ್ರತಿಯನ್ನು ಇಟ್ಟುಕೊಳ್ಳುತ್ತಿದ್ದುದರಿಂದ ನಾಲ್ಕು ದಿನದ ಲೆಕ್ಕ ಪೂರ್ತಿ ನಷ್ಟವಾಯಿತು. ಅಂದಿನಿಂದ ನೂರು ಹೆಜ್ಜೆಗೊಮ್ಮೆ ಬರೆದು, ಕೊನೆಯ ಮೂರು ಪ್ರತಿಗಳನ್ನು ಉಳಿಸುತ್ತೇನೆ. 14,000 ರೂಪಾಯಿಯ ಹೊಸ ಬ್ಯಾಟರಿಯನ್ನೂ ಹಾಕಿಸಿದೆ.

ಮಳೆ ಬಿಟ್ಟ ದಿನಗಳಲ್ಲಿ ಒಂದು ಪಕ್ಕದ ಪ್ರಯೋಗ ಮಾಡಿದೆ. 30 ಮಿಮೀ ಅಕ್ರಿಲಿಕ್ ಕೊಳವೆಯ ಒಳಗೋಡೆಗೆ 0.8 ಮಿಮೀ ತಾಮ್ರದ ತಂತಿ ಸುತ್ತಿಟ್ಟು, 40 ಪಾಲು ಗ್ಲಿಸರಿನ್, 60 ಪಾಲು ನೀರಿನ ದ್ರವವನ್ನು ಸೆಕೆಂಡಿಗೆ 2 ಸೆಂಮೀ ವೇಗದಲ್ಲಿ ಹರಿಸಿದೆ. ಅಳತೆಗಳು ಹತ್ತು ಪಟ್ಟು ದೊಡ್ಡವು, ವೇಗ ಹತ್ತನೇ ಒಂದು ಪಾಲು. ಹಾಗಾಗಿ ರೆನಾಲ್ಡ್ಸ್ ಸಂಖ್ಯೆ (ಇದು ಒಂದೇ ಆಗಿದ್ದರೆ ಸಣ್ಣ, ದೊಡ್ಡ ಕೊಳವೆಗಳ ಹರಿವು ಒಂದೇ ಬಗೆಯದಾಗಿರುತ್ತದೆ) ಮಾತ್ರ ಅದೇ 180. ಇಪ್ಪತ್ತು ಲೀಟರಿನ ಕ್ಯಾನು ಖಾಲಿಯಾಗುವ ಇಪ್ಪತ್ತಮೂರು ನಿಮಿಷಗಳಲ್ಲಿ, ನಡುವೆ ಬಿಟ್ಟ ನೀಲಿ ಶಾಯಿ ಕೂಡಲೇ ತೊಳೆದುಹೋದರೂ ತಂತಿಯ ಹಿಂದೆ ಹೊಕ್ಕ ಶಾಯಿ ಬಹಳ ಹೊತ್ತು ಅಲ್ಲೇ ಸುಳಿಯಿತು. ಪರದೆಯ ಮೇಲೆ ಸುಳಿ ಬಂದ ಜಾಗವೂ ಅದೇ ಆಗಿತ್ತು. ಹರಿವು ನಿಧಾನವಾದಲ್ಲಿ ರಕ್ತ ಇನ್ನಷ್ಟು ಮಂದವಾಗುವುದನ್ನು ಲೆಕ್ಕಕ್ಕೆ ತರುವ ಕ್ಯಾರೊ ಮಾದರಿಯ ಸ್ನಿಗ್ಧತೆಯನ್ನೂ ಕಂಪ್ಯೂಟರ್ ಲೆಕ್ಕದಲ್ಲಿ ಹಾಕಿ ನೋಡಿದೆ. ಒಟ್ಟು ಚಿತ್ರ ಹೆಚ್ಚು ಬದಲಾಗಲಿಲ್ಲವಾದರೂ ಸ್ಟ್ರಟ್‌ನ ಹಿಂದೆ ಅದಕ್ಕೆ ಬೆಲೆಯಿದೆ ಎಂಬುದು ನನ್ನ ಅಭಿಪ್ರಾಯ.

ಪರಿಚಯದ ಹೃದ್ರೋಗ ತಜ್ಞರೊಬ್ಬರು, "ಚಿತ್ರ ಚೆನ್ನಾಗಿದೆ, ರೋಗಿಗಳಲ್ಲಿ ಕಂಡದ್ದಕ್ಕೆ ಇದು ಹೊಂದುತ್ತದೆಯೇ ಹೇಳಿ" ಎಂದರು. 2001ರಲ್ಲಿ ಪ್ರಕಟವಾದ ಐಸಾರ್-ಸ್ಟೀರಿಯೊ ಪ್ರಯೋಗದಲ್ಲಿ 50 ಮೈಕ್ರಾನ್ ಸ್ಟ್ರಟ್‌ನ ಗುಂಪಿನಲ್ಲಿ ಶೇ. 15ರಷ್ಟು ಮಂದಿಗೆ, 140 ಮೈಕ್ರಾನ್‌ನ ಗುಂಪಿನಲ್ಲಿ ಶೇ. 25.8ರಷ್ಟು ಮಂದಿಗೆ ಅಪಧಮನಿ ಮತ್ತೆ ಕಿರಿದಾಗಿತ್ತು. ವಿನ್ಯಾಸ ಒಂದೇ ಇಟ್ಟು, ದಪ್ಪವನ್ನಷ್ಟೇ 50, 80, 140 ಎಂದು ಬದಲಿಸಿ ಮತ್ತೆ ಓಡಿಸಿದೆ. ಕಡಿಮೆ ಶಿಯರ್‌ನ ಪಾಲು ದಪ್ಪದೊಂದಿಗೆ ಅದೇ ಕ್ರಮದಲ್ಲಿ ಏರಿತು. ಆ ಮೂರು ಚಿತ್ರಗಳನ್ನು ಅವರು ಮುದ್ರಿಸಿಕೊಂಡು ಒಯ್ದಿದ್ದಾರೆ.