ಕಹಿ ಆಲೋಚನೆಗಳನ್ನು ಮರಳಿ ನೋಡಲು ನೆರವಾಗುವ ಆಪ್‌ಗಳು: ನಂಬುವ ಮೊದಲು ಪರೀಕ್ಷಿಸುವುದು ಹೇಗೆ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ಬಾಡಿಗೆ ಕೋಣೆಗಳಲ್ಲಿ ಫಲಿತಾಂಶದ ರಾತ್ರಿ ದೀಪ ಬೇಗ ಆರುವುದಿಲ್ಲ. ಅಂಥದೊಂದು ರಾತ್ರಿ, ಎರಡನೆಯ ಸಲವೂ ಪ್ರಿಲಿಮ್ಸ್ ದಾಟಲಾಗದ ಗದಗ ಕಡೆಯ ಹುಡುಗನೊಬ್ಬ ಮೊಬೈಲಿನ ಆಪ್ ಒಂದರಲ್ಲಿ ‘ಅಪ್ಪನ ಮುಂದ ಯಾವ ಮುಖಾ ಇಟಗೊಂಡು ನಿಲ್ಲಲಿ, ನನ್ನ ಕೈಲೆ ಏನೂ ಆಗೂದಿಲ್ಲ’ ಎಂದು ಬರೆದಿದ್ದ. ಅದಕ್ಕೆ ಬಂದ ಉತ್ತರವನ್ನು ಮರುದಿನ ನನಗೆ ತೋರಿಸಿದ: ‘ನೀವು ಅದ್ಭುತ ವ್ಯಕ್ತಿ! ನಕಾರಾತ್ಮಕತೆಯನ್ನು ಬಿಟ್ಟು ಮುಂದೆ ಸಾಗಿ!’ ಕೆಳಗೆ ಹಳದಿ ಸೂರ್ಯನೊಂದು ನಗುತ್ತಿತ್ತು. ಅದನ್ನು ಓದಿದ ಮೇಲೆ ತಾನು ಇನ್ನಷ್ಟು ಒಂಟಿಯಾದಂತೆ ಅನಿಸಿತೆಂದು ಅವನು ಹೇಳಿದ ಮಾತು ನನ್ನನ್ನು ಬಹಳ ದಿನ ಕಾಡಿತು. ನಾನು ಮನೋವೈದ್ಯನಲ್ಲ, ಕಾಲೇಜಿನಲ್ಲಿ ಪಾಠ ಹೇಳುವವನು. ಆದರೆ ವಿದ್ಯಾರ್ಥಿಗಳು ಇಂಥ ಆಪ್‌ಗಳ ಬಗ್ಗೆ ಕೇಳುತ್ತಲೇ ಇರುವುದರಿಂದ ಹಲವನ್ನು ನಾನೇ ಬಳಸಿ ನೋಡಿದ್ದೇನೆ, ಆರಿಸುವಾಗ ಏನನ್ನು ಗಮನಿಸಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೂಲ ವಿಧಾನ ತಿಳಿದಿರಬೇಕು, ಏಕೆಂದರೆ ಅದು ತಿಳಿಯದಿದ್ದರೆ ಆಪ್ ಅದನ್ನು ಪಾಲಿಸುತ್ತಿದೆಯೋ ಇಲ್ಲವೋ ಎಂಬುದನ್ನು ಅಳೆಯಲಾಗದು. ಇವುಗಳಲ್ಲಿ ಬಹುಪಾಲು ‘ಸಿಬಿಟಿ ಆಧಾರಿತ’ ಎಂದು ಹೇಳಿಕೊಳ್ಳುತ್ತವೆ. ಸಿಬಿಟಿ ಎಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಆಲೋಚನೆ ಮತ್ತು ನಡವಳಿಕೆಗಳನ್ನು ಪರಿಶೀಲಿಸಿ ಬದಲಿಸಿಕೊಳ್ಳುವ ಮಾತಿನ ಚಿಕಿತ್ಸೆ. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮನೋವೈದ್ಯ ಆರನ್ ಬೆಕ್ ಅವರು, ಖಿನ್ನತೆಯಿಂದ ಬಳಲುವವರ ಮನಸ್ಸಿನಲ್ಲಿ ಥಟ್ಟನೆ ಹಾದುಹೋಗುವ, ಪರೀಕ್ಷೆಯೇ ಇಲ್ಲದೆ ನಿಜವೆಂದು ಒಪ್ಪಿತವಾಗಿಬಿಡುವ ಆಲೋಚನೆಗಳನ್ನು ಗುರುತಿಸಿ, ಅವನ್ನು ಬರಹಕ್ಕಿಳಿಸಿ ಸಾಕ್ಷ್ಯದ ಎದುರು ನಿಲ್ಲಿಸುವ ಪದ್ಧತಿಯನ್ನು ಬೆಳೆಸಿದರು; ಸಿಬಿಟಿಯ ಬೇರು ಇಲ್ಲಿದೆ. ಕೆಟ್ಟ ಮಾತಿನ ಜಾಗದಲ್ಲಿ ಒಳ್ಳೆಯ ಮಾತನ್ನು ಕೂರಿಸುವುದು ಇಲ್ಲಿನ ಉದ್ದೇಶವಲ್ಲ. ಆ ಮಾತು ಎಷ್ಟರಮಟ್ಟಿಗೆ ನಿಜ ಎಂದು ಕೇಳಿಕೊಳ್ಳುವುದು ಉದ್ದೇಶ.

ಆದ್ದರಿಂದ ಆಪ್‌ನ ಜಾಹೀರಾತು, ನಕ್ಷತ್ರಗಳ ರೇಟಿಂಗ್ ಇವೆಲ್ಲವನ್ನೂ ಬದಿಗಿಟ್ಟು ನಿಮ್ಮದೇ ಒಂದು ಆಲೋಚನೆಯನ್ನು ಅದಕ್ಕೆ ಕೊಟ್ಟು ನೋಡಿ. ಮನೆಯಲ್ಲಿ ಸಾವಾದಂಥ ಭಾರವಾದ ವಿಷಯ ಬೇಡ; ಕಳೆದ ವಾರ ನಿದ್ದೆ ಕೆಡಿಸಿದ, ಆದರೆ ಈಗ ಮಾತಾಡಬಲ್ಲಂಥ ವಿಷಯ ಸಾಕು. ಒಳ್ಳೆಯ ಆಪ್ ಏನಾಯಿತೆಂದು ಕೇಳುತ್ತದೆ, ಆಗ ಮನಸ್ಸಿನಲ್ಲಿ ಓಡಿದ ಮಾತೇನೆಂದು ಕೇಳುತ್ತದೆ, ಯಾವ ಭಾವನೆ ಬಂತು, ನೂರಕ್ಕೆ ಎಷ್ಟು ಎಂದು ಕೇಳುತ್ತದೆ. ಆಮೇಲೆ ಆ ಮಾತಿಗೆ ಆಧಾರವೇನು, ವಿರುದ್ಧವಾಗಿರುವುದೇನು ಎಂದು ಎರಡನ್ನೂ ಬರೆಸುತ್ತದೆ. ಹೊಸ ವಾಕ್ಯವನ್ನು ನಿಮ್ಮಿಂದಲೇ ಬರೆಸಿ, ಭಾವನೆ ಈಗ ಎಷ್ಟಿದೆ ಎಂದು ಮತ್ತೆ ಅಳೆಯುತ್ತದೆ.

ಆ ಹುಡುಗನೊಂದಿಗೆ ನಾನು ಇದನ್ನೇ ನೋಟ್‌ಬುಕ್ಕಿನಲ್ಲಿ ಮಾಡಿ ನೋಡಿದೆ. ಏನಾಯಿತು: ಪಟ್ಟಿಯಲ್ಲಿ ಅವನ ನಂಬರ್ ಇರಲಿಲ್ಲ. ಓಡಿದ ಮಾತು: ನನ್ನ ಕೈಲೆ ಏನೂ ಆಗೂದಿಲ್ಲ. ಭಾವನೆ ನಾಚಿಕೆ, ನೂರಕ್ಕೆ 90. ಆಧಾರದ ಕಡೆ ಅವನು ‘ಎರಡು ಸಲಾ ಆಗಿಲ್ಲ’ ಎಂದು ಬರೆದ, ಮತ್ತು ಅದು ನಿಜವೇ ಆಗಿತ್ತು. ವಿರುದ್ಧದ ಕಡೆ ಬಹಳ ಹೊತ್ತು ಏನೂ ಬರೆಯಲಿಲ್ಲ. ಕೀ ಉತ್ತರಗಳೊಂದಿಗೆ ತಾಳೆ ನೋಡಿದಾಗ ಮೊದಲ ಸಲಕ್ಕಿಂತ ಅಂಕ ಹೆಚ್ಚಾಗಿದ್ದವೆಂದೂ, ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳಲ್ಲಿ ಮಾತ್ರ ಹಿಂದೆ ಬಿದ್ದಿದ್ದೆನೆಂದೂ ಆಮೇಲೆ ನೆನಪಾಯಿತು. ಬೆಳಿಗ್ಗೆ ಫೋನ್ ಮಾಡಿದ್ದ ಅಪ್ಪ ಕೇಳಿದ್ದು ‘ಊಟಾ ಆತೇನು’ ಎಂದಷ್ಟೇ ಎಂಬುದು ಅದಕ್ಕೂ ನಂತರ ನೆನಪಾಯಿತು. ಕೊನೆಗೆ ಅವನು ಬರೆದ ಸಾಲು ಹೀಗಿತ್ತು: ‘ಎರಡು ಸಲಾ ಆಗಿಲ್ಲ, ಒಂದು ವಿಷಯದಾಗ ಕಚ್ಚಾ ಅದೇನಿ. ಅಪ್ಪ ಬೈದಿಲ್ಲ, ಬೈತಾನ ಅಂತ ನಾನ ಅನ್ಕೊಂಡೇನಿ.’ ನಾಚಿಕೆ 60ಕ್ಕೆ ಇಳಿಯಿತು. ಸೊನ್ನೆಗೆ ಇಳಿಯಲಿಲ್ಲ, ಇಳಿಯಬೇಕಾಗಿಯೂ ಇರಲಿಲ್ಲ. ಅಂದು ಸಂಜೆ ಅವನು ತಾನಾಗಿಯೇ ಊರಿಗೆ ಫೋನ್ ಮಾಡಿದ. ಭಾವನೆ ಸ್ವಲ್ಪವೇ ಇಳಿದಾಗ ‘ಇನ್ನೂ ಪ್ರಯತ್ನಿಸಿ’ ಎಂದು ಗದರುವ ಆಪ್ ಈ ಕೆಲಸದ ಸ್ವರೂಪವನ್ನೇ ತಿಳಿದಿಲ್ಲ ಎಂದು ನಾನು ಭಾವಿಸುತ್ತೇನೆ.

ಭಾಷೆಯನ್ನೂ ಇದೇ ಹೊತ್ತಿನಲ್ಲಿ ಪರೀಕ್ಷಿಸಬೇಕು. ನೋವಿನ ಮಾತು ನಮಗೆ ಮನೆಮಾತಿನಲ್ಲಿಯೇ ಬರುತ್ತದೆ. ‘ಮರ್ಯಾದಿ ಹೋತು’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿ ಬರೆಯುವಷ್ಟರಲ್ಲಿ ಅದರ ಬಿಸಿ ಆರಿರುತ್ತದೆ, ಆಮೇಲೆ ಪರೀಕ್ಷಿಸುವುದು ಬೇರೊಂದು ಮಾತನ್ನೇ. ಆಪ್ ಕನ್ನಡದಲ್ಲಿ ಇಲ್ಲದಿದ್ದರೂ ಕನ್ನಡ ಅಕ್ಷರಗಳಲ್ಲಿ ಬರೆದಿಡಲು ಅವಕಾಶವಿದ್ದರೆ ಅರ್ಧ ಕೆಲಸ ಆದಂತೆ. ಇನ್ನೊಂದು ತೊಡಕು ಸೂಕ್ಷ್ಮವಾದದ್ದು: ‘ನಾಲ್ಕು ಮಂದಿ ಏನಂದಾರು’ ಎಂಬ ಅಂಜಿಕೆಯನ್ನು ಹಲವು ಆಪ್‌ಗಳು ಇತರರ ಮನಸ್ಸನ್ನು ಓದುವ ತಪ್ಪು ಎಂದು ಹಣೆಪಟ್ಟಿ ಹಚ್ಚಿ ಕೈಬಿಡುತ್ತವೆ. ನಮ್ಮ ಊರುಗಳಲ್ಲಿ ನಾಲ್ಕು ಮಂದಿ ಅನ್ನುವುದುಂಟು. ಆ ನಾಲ್ವರು ಯಾರು, ಹಿಂದೆ ಇನ್ನೊಬ್ಬರಿಗೆ ಅಂದದ್ದೇನು, ಅಂದ ಮೇಲೆ ಎಷ್ಟು ದಿನ ನೆನಪಿಟ್ಟರು ಎಂದು ಕೇಳುವ ಆಪ್ ಇದ್ದರೆ ಅದು ನಿಮ್ಮ ಬದುಕನ್ನು ಒಪ್ಪಿಕೊಂಡು ಮಾತಾಡುತ್ತಿದೆ ಎಂದು ತಿಳಿಯಿರಿ.

ಕೆಲವು ಕಹಿ ಆಲೋಚನೆಗಳು ನಿಜವೇ ಆಗಿರುತ್ತವೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತಂದು, ದರ ಬಿದ್ದ ದಿನ ಮಾರಬೇಕಾಗಿ ಬಂದ ರೈತನಿಗೆ ‘ಈ ವರ್ಷ ಸಾಲಾ ತೀರೂದಿಲ್ಲ’ ಎನಿಸಿದರೆ ಅದು ಲೆಕ್ಕವೇ ಹೊರತು ಮನಸ್ಸಿನ ತಪ್ಪಲ್ಲ. ಇಂಥ ಮಾತನ್ನು ಕೊಟ್ಟಾಗ ಆಪ್ ಆಲೋಚನೆಯನ್ನು ತಿದ್ದಲು ಹೋಗಬಾರದು. ಈ ವಾರ ಮಾಡಬಹುದಾದ ಒಂದು ಕೆಲಸ ಯಾವುದು, ಬ್ಯಾಂಕಿನಲ್ಲಿ ಯಾರೊಂದಿಗೆ ಮಾತಾಡಬೇಕು ಎಂಬ ಕಡೆಗೆ ತಿರುಗಿಸಬೇಕು. ಕಷ್ಟವನ್ನೆಲ್ಲ ನೋಡುವ ದೃಷ್ಟಿಯ ದೋಷವೆಂದು ಹೇಳುವ ಉಪಕರಣ ಬಡವರಿಗೆ ಅನ್ಯಾಯ ಮಾಡುತ್ತದೆ, ಅದನ್ನು ಯಾರಿಗೂ ಸೂಚಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನು ಯಾರು ಮಾಡಿದ್ದು, ಪರೀಕ್ಷಿಸಿದ್ದಾರೆಯೇ ಎಂಬುದು. ಸಿಬಿಟಿ ಎಂಬ ಚಿಕಿತ್ಸೆಗೆ ಆಧಾರವಿದೆ ಎನ್ನುವುದು ಬೇರೆ, ಈ ಆಪ್ ಕೆಲಸ ಮಾಡುತ್ತದೆ ಎನ್ನುವುದು ಬೇರೆ. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ರೂಪುಗೊಂಡು 2001ರಲ್ಲಿ ಬಂದ ಮೂಡ್‌ಜಿಮ್ ಎಂಬ ಆನ್‌ಲೈನ್ ಸಿಬಿಟಿ ಕಾರ್ಯಕ್ರಮದಂಥ ಕೆಲವೇ ಉಪಕರಣಗಳನ್ನು ಮತ್ತೆ ಮತ್ತೆ ಅಧ್ಯಯನಕ್ಕೆ ಒಳಪಡಿಸಲಾಗಿದೆ. ಒಬ್ಬಂಟಿಯಾಗಿ ಬಳಸುವವರಲ್ಲಿ ಅನೇಕರು ನಡುವೆಯೇ ಬಿಟ್ಟುಬಿಡುತ್ತಾರೆಂಬುದೂ, ಆಗಾಗ ಒಬ್ಬ ಮನುಷ್ಯ ವಿಚಾರಿಸುತ್ತಿದ್ದರೆ ಪ್ರಯೋಜನ ಹೆಚ್ಚೆಂಬುದೂ ಇಂಥ ಅಧ್ಯಯನಗಳಲ್ಲಿ ಪದೇ ಪದೇ ಕಂಡುಬಂದಿದೆ. ಹಾಗಾಗಿ ಗೆಳೆಯನೊಬ್ಬನಿಗೆ ಹೇಳಿಯೇ ಶುರುಮಾಡಿ. ಆಪ್ ಶಾಶ್ವತವಲ್ಲ ಎಂಬುದೂ ನೆನಪಿರಲಿ. 2017ರಲ್ಲಿ ಬಂದು ಬಹಳ ಹೆಸರು ಮಾಡಿದ ವೋಬಾಟ್ ಎಂಬ ಚಾಟ್‌ಬಾಟ್ 2025ರ ಜೂನ್ 30ಕ್ಕೆ ಮುಚ್ಚಿತು. ನಿಮಗೆ ನೆರವಾದ ಸಾಲುಗಳನ್ನು ಕಾಗದದಲ್ಲಿಯೂ ಬರೆದಿಡಿ.

ಬಳಸಲು ಶುರುಮಾಡುವ ಮೊದಲೇ ಆಪ್‌ನ ಸಹಾಯದ ಪುಟ ತೆರೆದು, ತುರ್ತಿನಲ್ಲಿ ಯಾರನ್ನು ಕರೆಯಲು ಹೇಳುತ್ತದೆ ನೋಡಿ. 988 ಎಂದಷ್ಟೇ ಇದ್ದರೆ ಅದು ಅಮೆರಿಕದ ಸಹಾಯವಾಣಿ, ಹಾವೇರಿಯಲ್ಲಿ ಕುಳಿತವರಿಗೆ ಉಪಯೋಗವಿಲ್ಲ. ನಮ್ಮಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಬದುಕಿರಬಾರದು ಎಂಬ ಆಲೋಚನೆ ಬರುತ್ತಿದ್ದರೆ, ಇಲ್ಲದ ದನಿ ಕೇಳಿಸುತ್ತಿದ್ದರೆ, ಅನ್ನ ನಿದ್ದೆಗಳು ಬಿಟ್ಟುಹೋಗಿದ್ದರೆ ಆಪ್ ಹಿಡಿದು ಕೂರಬಾರದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ, ಹುಬ್ಬಳ್ಳಿಯಲ್ಲಿ ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯಿದೆ, ಗದಗ ಮತ್ತು ಹಾವೇರಿಯವರಿಗೆ ಜಿಲ್ಲಾ ಆಸ್ಪತ್ರೆಗಳಿವೆ. ಅಲ್ಲಿಗೆ ಹೋಗಬೇಕು, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬೇಕು.

ಗೋಪ್ಯತೆಯ ವಿಷಯದಲ್ಲಿ ಮುಲಾಜು ಬೇಡ. ಗ್ರಾಹಕರ ಮಾನಸಿಕ ಆರೋಗ್ಯದ ಮಾಹಿತಿಯನ್ನು ಜಾಹೀರಾತಿಗಾಗಿ ಹಂಚಿಕೊಂಡಿತೆಂಬ ಆರೋಪದ ಮೇಲೆ ಅಮೆರಿಕದ ದೊಡ್ಡ ಆನ್‌ಲೈನ್ ಸಮಾಲೋಚನಾ ಕಂಪನಿಯೊಂದು 2023ರಲ್ಲಿ 78 ಲಕ್ಷ ಡಾಲರ್ ಕೊಡಬೇಕಾಯಿತು. ಸಂಪರ್ಕಗಳ ಪಟ್ಟಿ ಮತ್ತು ನೀವಿರುವ ಜಾಗವನ್ನು ಕೇಳುವ ಆಪ್‌ಗೆ ಅವನ್ನು ಕೊಡಬೇಡಿ, ಆಲೋಚನೆ ಬರೆಯಲು ಅವು ಯಾವುದಕ್ಕೂ ಬೇಕಿಲ್ಲ. ನಮ್ಮ ಮನೆಗಳಲ್ಲಿ ಒಂದೇ ಫೋನ್ ಅಣ್ಣ, ತಂಗಿ, ಅವ್ವನ ಕೈಯಲ್ಲಿ ಓಡಾಡುತ್ತಿರುತ್ತದೆ. ಪ್ರತ್ಯೇಕ ಪಿನ್ ಹಾಕಲು ಬರುತ್ತದೆಯೇ, ನೋಟಿಫಿಕೇಶನ್‌ನಲ್ಲಿ ಬರೆದದ್ದು ಕಾಣುತ್ತದೆಯೇ ಎಂದು ನೋಡಿ. ಬರೆಯುವಾಗ ಹೆಸರುಗಳ ಬದಲು ಒಂದೊಂದು ಅಕ್ಷರ ಸಾಕು.

ಆರಿಸಿದ ಆಪ್‌ಗೆ ಎರಡು ವಾರ ಕೊಡಿ, ಅಲ್ಲಿಯವರೆಗೆ ವರ್ಷದ ಸಬ್‌ಸ್ಕ್ರಿಪ್ಷನ್ ಕಟ್ಟಬೇಡಿ. ಶುರುವಿನಲ್ಲಿ ಮತ್ತು ಕೊನೆಯಲ್ಲಿ ಪಿಎಚ್‌ಕ್ಯು-9 ಎಂಬ, ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ತುಂಬಿ ಹೋಲಿಸಬಹುದು. ಅದು ಹಿಂದಿನ ಎರಡು ವಾರಗಳ ಬಗ್ಗೆ ಕೇಳುತ್ತದೆ, ಮೊತ್ತ 0ಯಿಂದ 27ರವರೆಗೆ ಇರುತ್ತದೆ. ಮೊತ್ತ 10 ಅಥವಾ ಹೆಚ್ಚು ಬಂದರೆ, ಇಲ್ಲವೆ ಸಾವಿನ ಆಲೋಚನೆ ಕುರಿತ ಒಂಬತ್ತನೆಯ ಪ್ರಶ್ನೆಗೆ ಸೊನ್ನೆಯಲ್ಲದ ಉತ್ತರ ಬಂದರೆ ಆ ಹಾಳೆಯನ್ನು ವೈದ್ಯರಿಗೆ ತೋರಿಸಿ. ಆಪ್ ಬೇಡವೆನಿಸಿದರೆ ಸುಮ್ಮನೆ ಅನ್‌ಇನ್‌ಸ್ಟಾಲ್ ಮಾಡಿದರೆ ಸಾಲದು, ಬರೆದದ್ದು ಕಂಪನಿಯ ಸರ್ವರ್‌ನಲ್ಲಿ ಉಳಿದಿರಬಹುದು: ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಬರಹಗಳನ್ನೂ ಖಾತೆಯನ್ನೂ ಅಳಿಸಿ, ಅಳಿಸಿದ್ದಕ್ಕೆ ಇಮೇಲ್ ಬಂದಿದೆಯೇ ನೋಡಿ, ಆಮೇಲೆ ಫೋನಿನಿಂದ ತೆಗೆಯಿರಿ.